ಆರ್ಥರ್‌ನ ಕೆಮ್ಮು, ನಿಮ್ಮ ಮಗನ ಕಣ್ಣೀರು

ಕಂಪ್ಯೂಟರ್ ಮುಂದೆ ಆಟವಾಡುತ್ತಿದ್ದ ಮಗ ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡ. ಊಟಕ್ಕೆ ಕರೆದರೆ ಬರಲಿಲ್ಲ. ಏನಾಯಿತೆಂದು ಕೇಳಿದರೆ ‘ಆರ್ಥರ್ ಸತ್ತುಹೋದ’ ಎಂದ. ಯಾರಪ್ಪಾ ಈ ಆರ್ಥರ್ ಎಂದು ವಿಚಾರಿಸಿದರೆ ಅವನೊಬ್ಬ ದರೋಡೆಕೋರ, ಅದೂ ಆಟದೊಳಗಿನ ಬೊಂಬೆ! ಇಂಥ ದೂರು ಹೊತ್ತು ಬರುವ ತಂದೆತಾಯಿಗಳು ಈಗ ನನ್ನ ಚಿಕಿತ್ಸಾಲಯದಲ್ಲಿ ಅಪರೂಪವಲ್ಲ. ಅವರು ಬಂದದ್ದು ಬಿ.ಪಿ. ನೋಡಿಸಿಕೊಳ್ಳಲು. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ‘ಡಾಕ್ಟ್ರೇ, ಇನ್ನೊಂದು ವಿಷಯ’ ಎಂದು ಶುರುಮಾಡುತ್ತಾರೆ. ತಂದೆಗೆ ಸಿಟ್ಟು: ‘ಕೊಲೆ ಸುಲಿಗೆಯ ಆಟ ಆಡಿಕೊಂಡು ಅಳುತ್ತಾನಲ್ಲ, ಇವನ ತಲೆ ಸರಿ ಇದೆಯೇ?’ ತಾಯಿಗೆ ಹೆದರಿಕೆ.

ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗನ ತಲೆ ಸರಿಯಾಗಿಯೇ ಇದೆ. ಅವನು ಅತ್ತದ್ದರಲ್ಲಿ ತಪ್ಪೇನೂ ಇಲ್ಲ. ಅದನ್ನು ನೋಡಿ ನೀವು ನಕ್ಕಿದ್ದರೆ ಮಾತ್ರ ಈ ಲೇಖನವನ್ನು ಸ್ವಲ್ಪ ಗಮನವಿಟ್ಟು ಓದಿ.

ಆಟದ ಹೆಸರು ‘ರೆಡ್ ಡೆಡ್ ರಿಡೆಂಪ್ಷನ್ 2’. ಇದನ್ನು ತಯಾರಿಸಿದ್ದು ರಾಕ್‌ಸ್ಟಾರ್ ಗೇಮ್ಸ್ ಎಂಬ ಅಮೆರಿಕದ ಕಂಪನಿ, ಬಿಡುಗಡೆಯಾದದ್ದು 2018ರ ಅಕ್ಟೋಬರ್ 26ರಂದು. ಈ ಕಂಪನಿಗೆ ಬೆಂಗಳೂರಿನಲ್ಲೂ ಒಂದು ಶಾಖೆಯಿದ್ದು, ಅಲ್ಲಿಯ ಕೆಲಸಗಾರರ ಕೈಯೂ ಈ ಆಟದಲ್ಲಿದೆ. ಕೇಳಿದ ಮಾತಿನ ಮೇಲೆ ಬರೆಯಬಾರದೆಂದು ನಾನೂ ಇದನ್ನು ಆಡಿದೆ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಗಂಟೆಯಂತೆ ನಾಲ್ಕು ತಿಂಗಳು ಹಿಡಿಯಿತು. ಕುದುರೆ ಓಡಿಸುವುದು ಮಾತ್ರ ಕೊನೆಯವರೆಗೂ ನನಗೆ ಸರಿಯಾಗಿ ಬರಲಿಲ್ಲ.

ಕಥೆ ನಡೆಯುವುದು 1899ರಲ್ಲಿ, ಅಮೆರಿಕವನ್ನು ಹೋಲುವ ಕಾಲ್ಪನಿಕ ಸೀಮೆಯಲ್ಲಿ. ಆರ್ಥರ್ ಮಾರ್ಗನ್ ಒಂದು ದರೋಡೆಕೋರ ಗುಂಪಿನ ನಂಬಿಗಸ್ತ ಆಳು. ರೈಲು, ಬ್ಯಾಂಕು ದೋಚುವುದರ ಜೊತೆಗೆ ಈ ಗುಂಪಿಗೆ ಇನ್ನೊಂದು ಕಸುಬಿದೆ. ಗುಂಪಿನ ಸ್ಟ್ರಾಸ್ ಎಂಬಾತ ಕಷ್ಟದಲ್ಲಿರುವ ಬಡವರಿಗೆ ಬಡ್ಡಿಗೆ ಸಾಲ ಕೊಡುತ್ತಾನೆ, ಆರ್ಥರ್ ಅದನ್ನು ಹೊಡೆದು ಬಡಿದು ವಸೂಲು ಮಾಡುತ್ತಾನೆ. ಮೀಟರ್ ಬಡ್ಡಿಯವರ ಕಾಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಸಾಲ ಪಡೆದವರಲ್ಲಿ ಥಾಮಸ್ ಡೌನ್ಸ್ ಎಂಬ ರೈತನೊಬ್ಬ. ಊರ ಬಡವರಿಗಾಗಿ ಚಂದಾ ಎತ್ತುವ ಸಾಧು ಮನುಷ್ಯ, ಕಾಯಿಲೆಯಿಂದ ಸೊರಗಿದ್ದಾನೆ. ಆರ್ಥರ್ ಅವನ ಹೊಲಕ್ಕೆ ಹೋಗಿ, ಹೆಂಡತಿ ಮಗನ ಕಣ್ಣೆದುರೇ ಅವನನ್ನು ಹೊಡೆಯುತ್ತಾನೆ. ಆತ ಕೆಮ್ಮುತ್ತಾನೆ. ಕೆಮ್ಮಿನೊಡನೆ ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯುತ್ತದೆ. ಆರ್ಥರ್ ಮುಖ ಒರೆಸಿಕೊಂಡು ಹೊರಡುತ್ತಾನೆ, ಆಡುವವನೂ ಆ ದೃಶ್ಯವನ್ನು ಮರೆತು ಮುಂದೆ ಹೋಗುತ್ತಾನೆ.

ನಾನು ಮರೆಯಲಿಲ್ಲ. ವೈದ್ಯನಾದವನಿಗೆ ಆ ಕೆಮ್ಮು ಕೇಳಿದೊಡನೆ ಮುಂದಿನ ಕಥೆ ಗೊತ್ತಾಗಿಬಿಡುತ್ತದೆ. ಎಷ್ಟೋ ಗಂಟೆಗಳ ಆಟದ ನಂತರ, ಸೇಂಟ್ ಡೆನಿಸ್ ಎಂಬ ನಗರದ ಬೀದಿಯಲ್ಲಿ ಆರ್ಥರ್ ಕೆಮ್ಮುತ್ತಾ ಕುಸಿದು ಬೀಳುತ್ತಾನೆ. ಅಲ್ಲಿಯ ಡಾಕ್ಟರ್ ಎದೆ ಪರೀಕ್ಷಿಸಿ ಕ್ಷಯ ಎನ್ನುತ್ತಾನೆ. ಬೆಚ್ಚಗಿನ ಒಣ ಹವೆಯ ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೋ ಎಂಬುದರ ಹೊರತು ಹೆಚ್ಚೇನೂ ಹೇಳಲು ಅವನಲ್ಲಿ ಇಲ್ಲ. ಅಲ್ಲಿಂದ ಮುಂದೆ ನಾಯಕನ ಕೆನ್ನೆ ಒಳಸೇರುತ್ತದೆ, ಕಣ್ಣು ಕೆಂಪಾಗುತ್ತದೆ, ಅಂಗಿ ಸಡಿಲವಾಗುತ್ತದೆ. ರೈಲು ನಿಲ್ದಾಣದಲ್ಲಿ ಸಿಗುವ ಒಬ್ಬ ಸನ್ಯಾಸಿನಿಯ ಮುಂದೆ ಈ ಒರಟ ತನಗೆ ಭಯವಾಗುತ್ತಿದೆಯೆಂದು ಒಪ್ಪಿಕೊಳ್ಳುತ್ತಾನೆ. ಆ ದೃಶ್ಯದಲ್ಲಿ ಗುಂಡಿಲ್ಲ, ಓಟವಿಲ್ಲ, ಇಬ್ಬರು ಬೆಂಚಿನ ಮೇಲೆ ಕುಳಿತು ಮಾತಾಡುತ್ತಾರೆ, ಅಷ್ಟೆ. ಆರ್ಥರ್‌ಗೆ ಧ್ವನಿ ಕೊಟ್ಟ ರೋಜರ್ ಕ್ಲಾರ್ಕ್ ಅವರಿಗೆ 2018ರ ‘ಗೇಮ್ ಅವಾರ್ಡ್ಸ್’ನಲ್ಲಿ ಶ್ರೇಷ್ಠ ಅಭಿನಯದ ಪ್ರಶಸ್ತಿ ಬಂತು. ಈ ದೃಶ್ಯ ಕಂಡವರು ಅದು ಯಾಕೆಂದು ಕೇಳುವುದಿಲ್ಲ.

ನಾವೂ ಅತ್ತವರೇ. 1971ರ ‘ಕಸ್ತೂರಿ ನಿವಾಸ’ದಲ್ಲಿ ಪಾರಿವಾಳದ ಪ್ರಸಂಗ ಬಂದಾಗ ಕಣ್ಣೊರೆಸಿಕೊಳ್ಳದ ಮನೆ ಯಾವುದಿತ್ತು? ಹಳೆಯ ಸಿನಿಮಾಗಳಲ್ಲಿ ನಾಯಕ ಬಿಳಿ ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿ, ಕೆಂಪು ಕಲೆ ನೋಡಿಕೊಂಡರೆ ಸಾಕು, ಹೆಂಗಸರು ಸೆರಗು ಹುಡುಕುತ್ತಿದ್ದರು. ಅಂದಿನ ಆ ಅಳುವಿಗೂ ಇಂದಿನ ಈ ಅಳುವಿಗೂ ಒಂದು ವ್ಯತ್ಯಾಸ ಮಾತ್ರ ಇದೆ, ಅದು ಸಣ್ಣದಲ್ಲ. ಸಿನಿಮಾದಲ್ಲಿ ತಪ್ಪು ಮಾಡುವವನು ತೆರೆಯ ಮೇಲಿರುತ್ತಾನೆ, ನೀವು ಕುರ್ಚಿಯಲ್ಲಿರುತ್ತೀರಿ. ಇಲ್ಲಿ ಡೌನ್ಸ್‌ನನ್ನು ಹೊಡೆಯಲು ಗುಂಡಿ ಒತ್ತಿದ್ದು ನಿಮ್ಮ ಮಗನ ಹೆಬ್ಬೆರಳು. ಆ ವಸೂಲಿಯನ್ನು ತಪ್ಪಿಸಿಕೊಂಡು ಕಥೆಯಲ್ಲಿ ಮುಂದೆ ಹೋಗಲು ಆಟ ಬಿಡುವುದಿಲ್ಲ. ರೋಗ ಬಂದದ್ದು ತನ್ನದೇ ಕೈಯಿಂದ ಎಂದು ಹುಡುಗನಿಗೆ ತಿಳಿಯುವಷ್ಟರಲ್ಲಿ ಡೌನ್ಸ್ ಸತ್ತು, ಅವನ ಮಗ ಗಣಿಗೆ, ಹೆಂಡತಿ ಬೀದಿಗೆ ಬಂದಿರುತ್ತಾರೆ. ಆರ್ಥರ್ ಅವರನ್ನು ಹುಡುಕಿಕೊಂಡು ಹೋಗಿ ಹಣ ಕೊಡಬಹುದು, ಆದರೆ ಕ್ಷಮೆ ಸುಲಭವಾಗಿ ಸಿಗುವುದಿಲ್ಲ. ಇಂಥ ಪಶ್ಚಾತ್ತಾಪವನ್ನು ಯಾವ ನೀತಿಪಾಠದ ಪುಸ್ತಕ ಕಲಿಸುತ್ತದೆಯೋ ನಾನರಿಯೆ.

ಇನ್ನು ಕುದುರೆ. ಮೇವು ತಿನ್ನಿಸಿ, ಮೈ ತಿಕ್ಕಿ, ಹೆಸರಿಟ್ಟು ತಿಂಗಳುಗಟ್ಟಲೆ ಸಾಕಿದ ಪ್ರಾಣಿ ಕೊನೆಯ ಓಟದಲ್ಲಿ ಗುಂಡೇಟು ತಿಂದು ಬೀಳುತ್ತದೆ. ಬೆನ್ನ ಹಿಂದೆ ಶತ್ರುಗಳು ಬರುತ್ತಿದ್ದರೂ ಆರ್ಥರ್ ಮೊಣಕಾಲೂರಿ ಅದಕ್ಕೆ ಕೃತಜ್ಞತೆ ಹೇಳುತ್ತಾನೆ. ಮನುಷ್ಯ ಸತ್ತಾಗ ಅಳದವರೂ ಇಲ್ಲಿ ಅತ್ತದ್ದುಂಟು. ನನ್ನ ವಿಷಯ ಕೇಳಬೇಡಿ.

ಅಪರಾಧದ ಕಥೆಯಿರುವ ಬೇರೆ ಆಟಗಳಲ್ಲೂ ಇಂಥ ಘಳಿಗೆಗಳಿವೆ. 2008ರ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ರಲ್ಲಿ ನಾಯಕ ಯಾವ ದಾರಿ ಆರಿಸಿಕೊಂಡರೂ ಮದುವೆಯ ದಿನ ಹತ್ತಿರದವರೊಬ್ಬರ ಹೆಣ ಬೀಳುತ್ತದೆ. ಒಂದು ದಾರಿಯಲ್ಲಿ ಮದುಮಗನೇ, ಇನ್ನೊಂದರಲ್ಲಿ ಗೆಳತಿ. 2002ರ ‘ಮಾಫಿಯಾ’ದಲ್ಲಿ ಹಳೆಯ ಲೆಕ್ಕ ಮುದಿತನದಲ್ಲಿ ಮನೆಯಂಗಳಕ್ಕೇ ಬಂದು ತೀರುತ್ತದೆ. ‘ಕೊಲೆ ಸುಲಿಗೆಯ ಆಟ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇವುಗಳ ಕೊನೆಯನ್ನು ನೋಡಿಲ್ಲ.

ಹಾಗೆಂದು ಎಲ್ಲ ಮಕ್ಕಳಿಗೂ ಕೊಡಿಸಿ ಎನ್ನುತ್ತಿಲ್ಲ. ಈ ಆಟದ ಪೆಟ್ಟಿಗೆಯ ಮೇಲೆ ಯೂರೋಪಿನಲ್ಲಿ 18, ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆ ಎಂದು ಮುದ್ರಿಸಿರುತ್ತಾರೆ, ಅದಕ್ಕೆ ಕಾರಣವಿದೆ. ರಕ್ತ, ಕುಡಿತ, ಬೈಗುಳ ಧಾರಾಳವಾಗಿವೆ. ಹನ್ನೆರಡರ ಹುಡುಗನಿಗೆ ಪಶ್ಚಾತ್ತಾಪ ಅರ್ಥವಾಗುವುದಿಲ್ಲ, ಗುಂಡು ಹಾರಿಸುವುದು ಮಾತ್ರ ಅರ್ಥವಾಗುತ್ತದೆ. ಅಣ್ಣ ಆಡುವಾಗ ತಮ್ಮ ಪಕ್ಕದಲ್ಲಿ ಕುಳಿತಿರುತ್ತಾನೆ ಎಂಬುದನ್ನೂ ಗಮನಿಸಿ.

ಆಟ ಮುಗಿಸಿದ ಹುಡುಗ ಒಂದೆರಡು ದಿನ ಮಂಕಾಗಿದ್ದರೆ ಅದು ಒಳ್ಳೆಯ ಕಾದಂಬರಿ ಮುಗಿಸಿದವನ ಮಂಕು. ಅವನ ಪಾಡಿಗೆ ಬಿಡಿ, ಅಥವಾ ‘ಯಾಕೋ ಸತ್ತ ಅವನು?’ ಎಂದು ಪಕ್ಕದಲ್ಲಿ ಕುಳಿತು ಕೇಳಿ. ಹೇಳಲು ಅವನ ಬಳಿ ತುಂಬ ಇರುತ್ತದೆ. ಆದರೆ ಎರಡು ವಾರ ಕಳೆದರೂ ಮಂಕು ಕರಗದೆ, ನಿದ್ದೆ ಕೆಟ್ಟು, ಊಟ ಸೇರದೆ, ಗೆಳೆಯರನ್ನೂ ಬಿಟ್ಟು, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ಅದಕ್ಕೆ ಆರ್ಥರ್ ಕಾರಣನಲ್ಲ. ಮೊದಲೇ ಇದ್ದ ನೋವಿಗೆ ಆಟ ಒಂದು ನೆಪ ಒದಗಿಸಿದೆ ಎಂದು ತಿಳಿಯಿರಿ. ಸಾಯುವ ಮಾತು ಕಿವಿಗೆ ಬಿದ್ದರಂತೂ ಎರಡು ವಾರ ಕಾಯುತ್ತಾ ಕೂರಬೇಡಿ, ಅಂದೇ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈಗ ಆರ್ಥರ್‌ನನ್ನು ಕೊಂದ ಕಾಯಿಲೆಗೆ ಬರೋಣ. ಒಬ್ಬ ವೈದ್ಯ ಈ ಆಟದ ಬಗ್ಗೆ ಬರೆಯುವುದಕ್ಕೆ ಅದೇ ನಿಜವಾದ ಕಾರಣ.

ಆಟ ಮಾಡಿದವರು ರೋಗವನ್ನು ಚೆನ್ನಾಗಿಯೇ ಓದಿಕೊಂಡಿದ್ದಾರೆ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅಂದರೆ 1899ರ ವೈದ್ಯನಿಗೆ ಶತ್ರು ಯಾರೆಂದು ಗೊತ್ತಿತ್ತು, ಆದರೆ ಕೈಯಲ್ಲಿ ಆಯುಧವಿರಲಿಲ್ಲ. ಆ ಕಾಲದ ಅಮೆರಿಕದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುತ್ತಿದ್ದ ರೋಗಗಳಲ್ಲಿ ಕ್ಷಯವೂ ಒಂದು. ಬಂದೂಕಿಗೆ ಹೆಸರಾದ ಡಾಕ್ ಹಾಲಿಡೇ ಎಂಬ ದಂತವೈದ್ಯ ಕೊನೆಗೆ ಗುಂಡಿಗೆ ಸಾಯಲಿಲ್ಲ, 1887ರಲ್ಲಿ 36ನೇ ವಯಸ್ಸಿಗೆ ಕ್ಷಯದಿಂದ ಹಾಸಿಗೆಯಲ್ಲಿ ಸತ್ತ. ನಮ್ಮಲ್ಲಿ ಅರಮನೆಯನ್ನೂ ಅದು ಬಿಡಲಿಲ್ಲ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಹೆಸರಾಗಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರು ಇದೇ ಕಾಯಿಲೆಗೆ ಬಲಿಯಾದವರು.

ಒಂದು ಕಡೆ ಮಾತ್ರ ಆಟ ಅವಸರ ಮಾಡಿದೆ. ಮುಖಕ್ಕೆ ರಕ್ತ ಸಿಡಿದ ಮಾತ್ರಕ್ಕೆ ಕ್ಷಯ ಬರುವುದಿಲ್ಲ. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಅತಿ ಸಣ್ಣ ಹನಿಗಳನ್ನು ಇನ್ನೊಬ್ಬರು ಉಸಿರಾಡಿದಾಗ ರೋಗಾಣು ಪುಪ್ಪುಸ ಸೇರುತ್ತದೆ. ಸೇರಿದವರೆಲ್ಲರಿಗೂ ಕಾಯಿಲೆ ಬರುವುದೂ ಇಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ಬರಬಹುದು, ಉಳಿದವರಲ್ಲಿ ದೇಹವೇ ಅದನ್ನು ಅದುಮಿ ಇಟ್ಟಿರುತ್ತದೆ. ಒಂದು ಭೇಟಿಯಲ್ಲಿ ಸೋಂಕು ತಗುಲಿ ಕೆಲವೇ ತಿಂಗಳಲ್ಲಿ ಬೀದಿಯಲ್ಲಿ ಬೀಳುವುದು ಅಸಾಧ್ಯವಲ್ಲ, ಆದರೆ ಸಾಮಾನ್ಯವೂ ಅಲ್ಲ. ಆರ್ಥರ್ ಸಿಗರೇಟು ಸೇದುವವನು, ಕುಡಿಯುವವನು, ಹೊತ್ತಿಗೆ ಊಟವಿಲ್ಲದವನು. ಹೀಗಾಗಿ ಅವನಿಗೆ ಅಪಾಯ ಹೆಚ್ಚಿತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು.

ಆಟದಲ್ಲಿ ಆರ್ಥರ್ ಪಾಪದ ಫಲವಾಗಿ ರೋಗಿಯಾಗುತ್ತಾನೆ. ಕಥೆಗೆ ಅದು ಸೊಗಸು. ಆದರೆ ಈ ಭಾವನೆ ಆಟದಿಂದ ಎದ್ದು ನಮ್ಮ ಮನೆಗಳಿಗೆ ಬಂದರೆ ನನಗೆ ತಕರಾರಿದೆ, ಏಕೆಂದರೆ ಅದು ಮೊದಲೇ ಇಲ್ಲಿ ಕುಳಿತಿದೆ. ಕ್ಷಯ ಎಂದೊಡನೆ ‘ನಾವು ಯಾರಿಗೆ ಏನು ಅನ್ಯಾಯ ಮಾಡಿದ್ದೆವು’ ಎನ್ನುವ ತಾಯಿಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಗಳಿಗೆ ಗಂಡು ಗೊತ್ತಾಗಿದೆ, ಹೆಸರು ಬರೆಯಬೇಡಿ ಎಂದು ಬೇಡುವವರಿದ್ದಾರೆ. ಸೊಸೆಯ ತಟ್ಟೆ ಲೋಟ ಬೇರೆ ಇಡುವ ಮನೆಗಳಿವೆ. ತಟ್ಟೆ ಲೋಟದಿಂದ, ಬಟ್ಟೆಯಿಂದ, ಕೈ ಮುಟ್ಟುವುದರಿಂದ ಕ್ಷಯ ಹರಡುವುದಿಲ್ಲ. ಕಂಪ್ಯೂಟರಿನೊಳಗಿನ ಕ್ಷಯರೋಗಿಗೆ ಮನೆಯ ಹುಡುಗ ಅಳುತ್ತಾನೆ, ಅದೇ ಮನೆಯಲ್ಲಿ ಕೆಲಸದಾಕೆ ಕೆಮ್ಮಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಹುಡುಗನ ಕಣ್ಣೀರಿಗಿಂತ ನನಗೆ ವಿಚಿತ್ರವಾಗಿ ಕಾಣುವುದು ಇದು.

ಆರ್ಥರ್‌ಗೆ ಇಲ್ಲದ ಆಯುಧ ನಮಗಿದೆ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಐಸೋನಿಯಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಒಣ ಹವೆ, ಸ್ಯಾನಟೋರಿಯಂ ಎಂದು ಅಲೆಯಬೇಕಾಗಿಲ್ಲ, ಮನೆಯಲ್ಲೇ ಮಾತ್ರೆ ತಿಂದರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು ಜಗತ್ತಿಗೆ ತೋರಿಸಿದ್ದು ನಮ್ಮ ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನ. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದನ್ನು 1000 ಮಾಡಿದ್ದಾರೆ. ಇಷ್ಟಿದ್ದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಿಗೊಬ್ಬರು ನಮ್ಮ ದೇಶದವರು. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈ ತುಂಬಿಕೊಂಡ ಕೂಡಲೇ ಮಾತ್ರೆ ಬಿಡುವವರೇ ನನಗೆ ಹೆಚ್ಚು ಚಿಂತೆ ತರುತ್ತಾರೆ. ಹಾಗೆ ಬಿಟ್ಟವರಲ್ಲಿ ರೋಗ ಮರಳಬಹುದು, ಮರಳಿದಾಗ ಮೊದಲಿನ ಮಾತ್ರೆಗೆ ಬಗ್ಗದೆಯೂ ಇರಬಹುದು.

ಆದ್ದರಿಂದ ಮನೆಯಲ್ಲಿ ಆರ್ಥರ್‌ನ ಮಾತು ಬಂದಾಗ ಅದನ್ನು ಅಲ್ಲಿಗೇ ಬಿಡಬೇಡಿ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಒಂದು ಮನೆಯವರಲ್ಲಾಗಲಿ, ಮನೆಗೆ ಬಂದು ಹೋಗುವವರಲ್ಲಾಗಲಿ ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ಸಾಧ್ಯವಾದರೆ ಜೊತೆಗೇ ಹೋಗಿ. ಕಫಕ್ಕೆ ಡಬ್ಬಿಯನ್ನು ಅಲ್ಲೇ ಕೊಡುತ್ತಾರೆ. ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ಉಸಿರೆಳೆದು ಆಳದಿಂದ ಕೆಮ್ಮಿ ತೆಗೆದ ಕಫವೇ ಪರೀಕ್ಷೆಗೆ ಬೇಕು, ಬಾಯಿಯ ಉಗುಳು ಸಾಲದು.