ಹಿರಿಯರ ಬಡಾವಣೆಯ ಖಾಲಿ ಅಂಗಡಿಗಳು: ನಮ್ಮವರು ಏನು ಮಾಡಬೇಕು?

ಕರ್ಜತ್, ನೇರಳ್, ಪನ್ವೇಲ್ ಕಡೆ ನಿವೃತ್ತರಿಗೆಂದೇ ಕಟ್ಟುವ ಬಡಾವಣೆಗಳಲ್ಲಿ ಹೋಟೆಲಿಗೆ ಅಂಗಡಿ ಹಿಡಿಯಬಹುದೇ ಎಂದು ಕೇಳುವ ಸದಸ್ಯರು ಈಚೆಗೆ ಹೆಚ್ಚಾಗಿದ್ದಾರೆ. ಬಿಲ್ಡರರು ಹಂಚುವ ಬಣ್ಣದ ಪುಸ್ತಿಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ನಡುವೆ ಒಂದು ಚೌಕ, ಚೌಕದಲ್ಲಿ ಕಾರಂಜಿ, ಸುತ್ತ ಅಂಗಡಿ ಸಾಲು, ದೊಡ್ಡ ಕೊಡೆಯ ಕೆಳಗೆ ಕುಳಿತು ಕಾಫಿ ಕುಡಿಯುವ ಅಜ್ಜ ಅಜ್ಜಿ. ಮೂಲೆಯ ಅಂಗಡಿಗೆ 'ರೆಸ್ಟೋರೆಂಟ್' ಎಂದು ಬರೆದಿರುತ್ತದೆ. ಮನೆಗಳ ಕೀಲಿಕೈ ಕೊಟ್ಟು ವರ್ಷಗಳು ಕಳೆದರೂ ಆ ಮೂಲೆಯ ಶಟರ್ ಮಾತ್ರ ಮೇಲೆ ಹೋಗಿರುವುದಿಲ್ಲ. ಹಾಗೆ ಮುಚ್ಚಿದ ಅಂಗಡಿಯನ್ನು ನಮ್ಮವರಿಗೆ ತೋರಿಸಿ, "ನೀವು ಉಡುಪಿಯವರು, ನೀವು ಬಂದರೆ ಚೌಕಕ್ಕೆ ಕಳೆ ಬರುತ್ತದೆ" ಎಂದು ಕರೆಯುತ್ತಾರೆ. ನಾವು ಹೇಳುವುದು ಇಷ್ಟೇ: ಅಂಗಡಿ ಹಿಡಿಯಬೇಡಿ, ಅಡುಗೆಮನೆ ಕೇಳಿ.

ಇದನ್ನು ಹಗುರವಾಗಿ ಹೇಳುತ್ತಿಲ್ಲ. ಅಲ್ಲಿ ಮನೆ ಕೊಂಡವರಲ್ಲಿ ಎಷ್ಟೋ ಮಂದಿ ನಮ್ಮ ಹಳೆಯ ಗಿರಾಕಿಗಳೇ. ಫೋರ್ಟ್‌ನ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿದು, ನಾಲ್ಕು ದಶಕ ನಮ್ಮ ಇಡ್ಲಿ ಸಾಂಬಾರು ತಿಂದು, ಈಗ ಮಾಟುಂಗಾದ ಅಥವಾ ಡೊಂಬಿವಲಿಯ ಮನೆ ಮಾರಿ ಅಲ್ಲಿಗೆ ಹೋದವರು. ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಅವರು ಕಾಯುತ್ತಿರುವುದು ಬೆಳಗಿನ ಕಾಫಿಗೆ. ಇತ್ತ ನಮ್ಮವರು ಇಡಬೇಕಾದ್ದು ಡಿಪಾಸಿಟ್, ಅಂದರೆ ಹಲವರ ಪಾಲಿಗೆ ಊರಿನ ಜಾಗ ಅಡವಿಟ್ಟ ಹಣ. ಎರಡೂ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲು ಈ ಚೌಕಗಳು ಯಾಕೆ ತುಂಬುವುದಿಲ್ಲ ಎಂಬುದನ್ನು ನೋಡೋಣ. ಬಿಲ್ಡರನಿಗೆ ಮನೆ ಮಾರುವ ಅವಸರ ಇರುತ್ತದೆ, ಅಂಗಡಿ ಮಾರುವ ಅವಸರ ಇರುವುದಿಲ್ಲ. ಜನ ಬಂದು ನೆಲೆಸಿದ ಮೇಲೆ ಅಂಗಡಿಗೆ ಹೆಚ್ಚಿನ ಬೆಲೆ ಸಿಗುತ್ತದೆಂದು ಕಾಯುತ್ತಾನೆ. 2016ರ ರೇರಾ ಕಾಯಿದೆಯಲ್ಲಿ ಯೋಜನೆಯನ್ನು ಹಂತ ಹಂತವಾಗಿ ನೋಂದಾಯಿಸಲು ಅವಕಾಶವಿದೆ. ಪ್ರತಿ ಹಂತವೂ ಒಂದು ಬೇರೆ ಯೋಜನೆಯೆಂದೇ ಲೆಕ್ಕ. ಹೀಗಾಗಿ ಮನೆಗಳ ಹಂತಕ್ಕೆ ಒಂದು ಗಡುವು, ಅಂಗಡಿಗಳ ಹಂತಕ್ಕೆ ಇನ್ನೊಂದು ಆಗಬಹುದು. ಮಹಾರೇರಾ 2024ರಲ್ಲಿ ಹಿರಿಯರ ವಸತಿಗೆ ಪ್ರತ್ಯೇಕ ನಿಯಮಗಳನ್ನು ತಂದು ಬಾಗಿಲಿನ ಅಗಲ, ಲಿಫ್ಟ್, ಇಳಿಜಾರು ದಾರಿಯಂಥ ವಿಷಯ ಹೇಳಿತು. ಒಳ್ಳೆಯ ಕೆಲಸ. ಗಾಲಿಕುರ್ಚಿ ಬಾಗಿಲು ದಾಟಿ ಹೊರಗೆ ಬರುತ್ತದೆ. ಬಂದು ಎಲ್ಲಿಗೆ ಹೋಗಬೇಕು ಎಂಬುದು ಉಳಿದ ಪ್ರಶ್ನೆ.

ಇನ್ನು ಕೆಲವೆಡೆ ಅಂಗಡಿಗಳನ್ನು ಮೊದಲೇ ಮಾರಿಬಿಡುತ್ತಾರೆ. ಅದು ಇನ್ನೂ ಕಷ್ಟ. ಕೊಂಡವರು ಸೂರತ್‌ನಲ್ಲೊಬ್ಬ, ಮುಲುಂದದಲ್ಲೊಬ್ಬ, ದುಬೈಯಲ್ಲೊಬ್ಬ. ಪ್ರತಿಯೊಬ್ಬನೂ ತಾನು ಹಾಕಿದ ಹಣಕ್ಕೆ ಬಡ್ಡಿ ಲೆಕ್ಕ ಹಾಕಿ ಬಾಡಿಗೆ ಕೇಳುತ್ತಾನೆ. ಅಲ್ಲಿ ಎಷ್ಟು ಇಡ್ಲಿ ಹೋಗುತ್ತದೆ ಎಂಬ ಲೆಕ್ಕ ಅವನಿಗೆ ಬೇಡ. ಖಾಲಿ ಬಿದ್ದರೂ ಅಂಗಡಿಯ ಬೆಲೆ ಏರುತ್ತದೆಂಬ ನಂಬಿಕೆ ಅವನದು. ಚೌಕಕ್ಕೆ ಔಷಧದ ಅಂಗಡಿ ಮೊದಲು ಬೇಕೋ ಹಾಲು-ಮೊಸರಿನ ಅಂಗಡಿ ಮೊದಲು ಬೇಕೋ ಎಂದು ನಿರ್ಧರಿಸುವ ಒಬ್ಬ ಯಜಮಾನ ಅಲ್ಲಿ ಇಲ್ಲ.

ಮುಂಬಯಿಯಿಂದ ನಾಲ್ಕೈದು ಗಂಟೆಯ ದಾರಿಯಲ್ಲಿರುವ ಲವಾಸಾ ಇದಕ್ಕೆ ದೊಡ್ಡ ಉದಾಹರಣೆ. ಪುಣೆ ಜಿಲ್ಲೆಯ ಮುಳಶಿ ತಾಲೂಕಿನಲ್ಲಿ, ವರಸಗಾಂವ್ ಜಲಾಶಯದ ದಂಡೆಯಲ್ಲಿ, ಮುಂಬಯಿಯ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯ ಬಳಗ ಕಟ್ಟಹೊರಟ ಹೊಸ ಪಟ್ಟಣ ಅದು. ದಾಸವೆ ಎಂಬ ಮೊದಲ ಊರಿನ ನೀರ ದಂಡೆಯ ಬೀದಿಯನ್ನು ಇಟಲಿಯ ಪೋರ್ಟೊಫಿನೊ ಮಾದರಿಯಲ್ಲಿ ಬಣ್ಣ ಬಣ್ಣದ ಸಾಲು ಕಟ್ಟಡಗಳಾಗಿ ಕಟ್ಟಿದರು; ಕೆಳಗೆ ಹೋಟೆಲು ಅಂಗಡಿ, ಮೇಲೆ ಮನೆ. ಅದೇ ಲವಾಸಾದಲ್ಲಿ ಆಶಿಯಾನಾ ಹೌಸಿಂಗ್‌ನವರ 'ಉತ್ಸವ್' ಎಂಬ ಹಿರಿಯರ ವಸತಿಯೂ ಬಂತು. ಆದರೆ 2010ರ ನವೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ನೋಟಿಸು ಕೊಟ್ಟು ಕೆಲಸ ನಿಲ್ಲಿಸಿತು. ಮೊದಲ ಹಂತಕ್ಕೆ ಷರತ್ತಿನ ಒಪ್ಪಿಗೆ ಸಿಗುವಾಗ 2011ರ ನವೆಂಬರ್ ಆಗಿತ್ತು. ಕೆಲಸ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲವಲ್ಲ. 2018ರ ಆಗಸ್ಟಿನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2023ರ ಜುಲೈಯಲ್ಲಿ 1,814 ಕೋಟಿ ರೂಪಾಯಿಯ ಒಂದು ಪುನಶ್ಚೇತನ ಯೋಜನೆಗೆ ಕಂಪನಿ ನ್ಯಾಯಮಂಡಳಿಯ ಮುಂಬಯಿ ಪೀಠ ಒಪ್ಪಿತು. 2024ರಲ್ಲಿ ಆ ಒಪ್ಪಿಗೆಯೂ ರದ್ದಾಯಿತು. ಪರಿಸರದ ಸರಿತಪ್ಪು, ರೈತರ ಭೂಮಿಯ ವಿವಾದ ಈ ಪುಟದ ವಿಷಯವಲ್ಲ. ನಮಗೆ ಬೇಕಾದ ಪಾಠ ಬೇರೆ. ಶನಿವಾರ-ಭಾನುವಾರದ ಪ್ರವಾಸಿಗಳನ್ನು ನಂಬಿ ಕಟ್ಟಿದ ಬೀದಿಗೂ, ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಉಪ್ಪಿಟ್ಟು ಬೇಕೆನ್ನುವ ಹಿರಿಯರಿಗೂ ತಾಳೆಯಾಗುವುದಿಲ್ಲ. ಪ್ರವಾಸಿಗೆ ಇಟ್ಟ ಬೆಲೆಯನ್ನು ಪಿಂಚಣಿಯವರು ದಿನಾ ಕೊಡಲಾರರು. ವಾರಕ್ಕೆ ಎರಡು ದಿನದ ವ್ಯಾಪಾರದಿಂದ ಏಳು ದಿನದ ಸಂಬಳ ಹುಟ್ಟುವುದೂ ಇಲ್ಲ.

ಖಾಸಗಿಯವರದು ಹೀಗೆ, ಸರಕಾರ ಕಟ್ಟಿದ್ದರೆ ಬೇಗ ಆಗುತ್ತಿತ್ತು ಎನ್ನುವವರು ನವಿ ಮುಂಬಯಿ ನೋಡಬೇಕು. ಸಿಡ್ಕೋ ಹುಟ್ಟಿದ್ದು 1970ರಲ್ಲಿ. ದಕ್ಷಿಣ ಮುಂಬಯಿಯ ಕಚೇರಿಗಳು ಕೊಲ್ಲಿಯಾಚೆ ಹೋಗಬೇಕು, ಬೇಲಾಪುರ ಹೊಸ ವ್ಯವಹಾರ ಕೇಂದ್ರವಾಗಬೇಕು ಎಂಬುದು ಯೋಜನೆ. ಅದೇ ದಶಕದಲ್ಲಿ ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿದ ನೆಲದ ಮೇಲೆ ಒಂದರ ಹಿಂದೆ ಒಂದು ಕಚೇರಿ ಗೋಪುರ ಏಳುತ್ತಿತ್ತು. ಮಂತ್ರಾಲಯ ಬೇಲಾಪುರಕ್ಕೆ ಬರಲೇ ಇಲ್ಲ. ಆಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ ಬೆಳೆದು ದೊಡ್ಡ ಕಚೇರಿಗಳನ್ನು ತಾನು ಎಳೆದುಕೊಂಡಿತು. ವಾಶಿಗೆ ಕಳೆ ಬಂದದ್ದು ಸಗಟು ಮಾರುಕಟ್ಟೆಗಳು ಅಲ್ಲಿಗೆ ಹೋದ ಮೇಲೆ, 1992ರಲ್ಲಿ ಮಾನ್‌ಖುರ್ದ್‌ನಿಂದ ರೈಲು ದಾಟಿದ ಮೇಲೆ. ಲಾರಿ ಚಾಲಕರು, ಮಾಥಾಡಿಗಳು, ದಲಾಲರು ಬೆಳಗಿನ ಜಾವಕ್ಕೇ ಚಹಾ ಕೇಳಿದರು. ನಮ್ಮವರ ಹೋಟೆಲುಗಳೂ ಅಲ್ಲಿ ನೆಲೆ ಕಂಡವು. ಅಂದರೆ ಯೋಜನೆಯಿಂದ ಜೀವಕಳೆಗೆ ಇಪ್ಪತ್ತು ವರ್ಷ ಹಿಡಿಯಿತು. ಮೂವತ್ತು ವಯಸ್ಸಿನಲ್ಲಿ ವಾಶಿಗೆ ಹೋದವರು ಐವತ್ತರಲ್ಲಿ ಆ ಸುಖ ಕಂಡರು. ಅರವತ್ತೆಂಟರಲ್ಲಿ ಹಿರಿಯರ ಬಡಾವಣೆಗೆ ಹೋದವರಿಗೆ ಇಪ್ಪತ್ತು ವರ್ಷ ಕಾಯಿರಿ ಎಂದು ಹೇಳಲು ಬಾಯಿ ಬರುವುದಿಲ್ಲ.

ಬೇರೆ ದಾರಿ ಇಲ್ಲದೆ ಇಲ್ಲ. 1960ರ ಜನವರಿ 1ರಂದು ಅಮೆರಿಕದ ಅರಿಜೋನಾದಲ್ಲಿ ಡೆಲ್ ವೆಬ್ ಎಂಬ ಕಟ್ಟಡ ಕಂತ್ರಾಟುದಾರರು ನಿವೃತ್ತರ ಪಟ್ಟಣ ಸನ್ ಸಿಟಿಯನ್ನು ತೆರೆದಾಗ ತೋರಿಸಲು ಇದ್ದ ಮಾದರಿ ಮನೆ ಐದೇ. ಆದರೆ ಅಂಗಡಿಗಳ ಕಟ್ಟಡ, ಮನರಂಜನಾ ಕೇಂದ್ರ, ಗಾಲ್ಫ್ ಮೈದಾನ ಆಗಲೇ ಸಿದ್ಧವಾಗಿದ್ದವು. ನೋಡಬಂದವರು ಮುಂದೆ ಬರುವ ಚೌಕದ ಚಿತ್ರ ನೋಡಿ ದುಡ್ಡು ಕೊಡಲಿಲ್ಲ, ಇದ್ದ ಚೌಕ ನೋಡಿ ಕೊಟ್ಟರು. ನಮ್ಮ ಬಿಲ್ಡರರಿಗೆ ಅಷ್ಟು ಹಣ ಮೊದಲೇ ಹೂಡುವ ಧೈರ್ಯ ಇರಲಿಕ್ಕಿಲ್ಲ. ಇಡೀ ಚೌಕ ಬೇಡ, ಒಂದು ಅಡುಗೆಮನೆಯನ್ನಾದರೂ ಮೊದಲು ಕಟ್ಟಲಿ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಇನ್ನೂರು ಮನೆಯ ಬಡಾವಣೆ ಎಂದು ಹಿಡಿಯಿರಿ. ಮಕ್ಕಳು ಮುಂದಕ್ಕಿರಲಿ ಎಂದು ಕೊಂಡವು, ಹೂಡಿಕೆಗೆ ಕೊಂಡವು ತೆಗೆದರೆ ಸಂಜೆ ದೀಪ ಉರಿಯುವುದು ಅರವತ್ತು ಮನೆಗಳಲ್ಲಿ, ಇರುವವರು ತೊಂಬತ್ತು ಜನ. ಅವರಿಗೆ ಊಟ ಸಾಮೂಹಿಕ ಭೋಜನಶಾಲೆಯಲ್ಲೇ ಇರುತ್ತದೆ. ಚೌಕದ ಹೋಟೆಲಿಗೆ ದಿನಕ್ಕೆ ಇಪ್ಪತ್ತೈದು ಜನ ನಡೆದು ಬಂದರೆ ದೊಡ್ಡದು. ತಲೆಗೆ ಅರವತ್ತು ರೂಪಾಯಿಯಂತೆ ದಿನಕ್ಕೆ 1,500, ತಿಂಗಳಿಗೆ 45,000. ಇದರಲ್ಲಿ ಭಟ್ಟರಿಗೆ ಕೊಡುವುದೆಷ್ಟು, ಸಾಮಾನಿಗೆಷ್ಟು, ಗ್ಯಾಸಿಗೆಷ್ಟು, ಬಾಡಿಗೆಗೆಷ್ಟು? ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ನಾವು ಗಿರಾಕಿಯಿಂದ ಶೇಕಡಾ 5 ವಸೂಲು ಮಾಡುವವರಾದ್ದರಿಂದ ಅದು ಹಿಂದೆ ಸಿಗುವುದಿಲ್ಲ. 2017ರ ನವೆಂಬರಿನಿಂದ ಹೋಟೆಲುಗಳಿಗೆ ಹೀಗೇ ನಡೆದಿದೆ.

ಅದೇ ತೊಂಬತ್ತು ಜನರಿಗೆ ಭೋಜನಶಾಲೆಯ ಅಡುಗೆ ನಿಮ್ಮದಾದರೆ? ತಿಂಡಿ, ಎರಡು ಊಟ, ಎರಡು ಕಾಫಿಗೆ ತಲೆಗೆ ತಿಂಗಳಿಗೆ 6,000 ಎಂದರೂ 5,40,000 ಆಗುತ್ತದೆ. ಅರವತ್ತು ತಲೆಗೆ ಖಾತರಿ ಸಿಕ್ಕರೂ 3,60,000. ಅಂಕೆಗಳನ್ನು ನಿಮ್ಮ ಊರಿನ ದರಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಎರಡರ ನಡುವಿನ ಅಂತರ ಮಾತ್ರ ಹಾಗೇ ಉಳಿಯುತ್ತದೆ.

ಇದು ಹೊಸ ವಿದ್ಯೆಯೂ ಅಲ್ಲ. 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗಾ ಬಡಾವಣೆಯನ್ನು ಬಿಡಿಸಿದ ಮೇಲೆ ಅಲ್ಲಿ ಮನೆ ಎದ್ದು ಜನ ತುಂಬಲು ದಶಕಗಳು ಹಿಡಿದವು. ತುಂಬಿದವರಲ್ಲಿ ದಕ್ಷಿಣದಿಂದ ಬಂದ ಒಂಟಿ ಗುಮಾಸ್ತರು ಬಹಳ. ಅವರಿಗೆ ಬೇಕಿದ್ದದ್ದು ನಂಬಿಕೆಯ ತಿಂಗಳೂಟ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಅಂಥ ಕಾಲದಲ್ಲಿ. ಬೋರ್ಡಿಂಗ್ ಎಂಬ ಮಾತಿನಲ್ಲೇ ಇದೆ: ಇಂದು ಎಷ್ಟು ಜನ ಉಣ್ಣುತ್ತಾರೆಂದು ಬೆಳಿಗ್ಗೆಯೇ ಗೊತ್ತಿರುವ ವ್ಯಾಪಾರ. ಅಂದು ಊರು ಬಿಟ್ಟು ಬಂದ ಒಂಟಿ ಯುವಕ, ಇಂದು ಮಕ್ಕಳಿಂದ ದೂರ ಉಳಿದ ದಂಪತಿ. ನಮ್ಮ ಒಲೆಯ ದೃಷ್ಟಿಯಿಂದ ನೋಡಿದರೆ ಗಿರಾಕಿ ಒಬ್ಬನೇ. ನಡುವೆ ನಾವೇ ಬೋರ್ಡಿಂಗನ್ನು ಹಳೆಯ ಕಾಲದ್ದೆಂದು ಬಿಟ್ಟು ಪಾವ್‌ಭಾಜಿ, ಚೈನೀಸ್ ಹಿಂದೆ ಹೋದೆವು.

ಆದ್ದರಿಂದ ಬಿಲ್ಡರರೊಡನೆ ಮಾತಿಗೆ ಕುಳಿತಾಗ ಅಡುಗೆಮನೆಗೆ ಎರಡು ಕಿಟಕಿ ಕೇಳಿ. ಒಂದು ಭೋಜನಶಾಲೆಯ ಕಡೆಗೆ, ಇನ್ನೊಂದು ಚೌಕದ ಕಡೆಗೆ. ಒಳಗಿನ ಕಿಟಕಿ ಸಂಬಳ ಹುಟ್ಟಿಸುತ್ತದೆ. ಹೊರಗಿನದರಲ್ಲಿ ಕಾವಲುಗಾರರು, ಮನೆಗೆಲಸದವರು, ಮುಂದಿನ ಹಂತ ಕಟ್ಟುವ ಗಾರೆಯವರು, ಭಾನುವಾರ ನೋಡಬರುವ ಮಕ್ಕಳು ಮೊಮ್ಮಕ್ಕಳು ಚಹಾ ವಡೆಗೆ ಬರುತ್ತಾರೆ. ಚೌಕದಲ್ಲಿ ಹಬೆ ಕಂಡ ಮೇಲೆ ಔಷಧದವನೂ ತರಕಾರಿಯವನೂ ಬರುವ ಧೈರ್ಯ ಮಾಡುತ್ತಾನೆ. ಡಿಪಾಸಿಟ್ ಒಪ್ಪಬೇಡಿ, ಉಪಕರಣ ಬಿಲ್ಡರನದೇ ಇರಲಿ. ಬಾಡಿಗೆ ಎಂಬುದು ಹೊರಗಿನ ಕಿಟಕಿಯ ಮಾರಾಟದ ಒಂದು ಪಾಲಾಗಿರಲಿ. ಕನಿಷ್ಠ ಇಷ್ಟು ತಲೆಯ ಹಣ ತಿಂಗಳ ಮೊದಲ ವಾರ ಬಡಾವಣೆಯ ಖಾತೆಯಿಂದಲೇ ಬರಬೇಕು. ಮನೆ ಮನೆಗೆ ಹೋಗಿ ವಸೂಲು ಮಾಡುವುದು ನಮ್ಮಿಂದಾಗದು, ಮಾಡಲೂ ಬಾರದು. ನಗರದಲ್ಲಿ ರೂಢಿಯಾದ ಕಂಡಕ್ಟಿಂಗ್ ಪದ್ಧತಿಯನ್ನು ಅಲ್ಲಿಗೆ ಒಯ್ಯಬೇಡಿ. ಗಲ್ಲಾದಲ್ಲಿ ದಿನದ ನಗದು ಇಲ್ಲದಲ್ಲಿ ಕಂಡಕ್ಟರ್ ಮೂರು ತಿಂಗಳಿಗೆ ಓಡುತ್ತಾನೆ.

ಕೆಲಸಗಾರರ ಕೋಣೆಯ ಮಾತನ್ನು ಬಹಳ ಮಂದಿ ಮರೆಯುತ್ತಾರೆ. ನೇರಳ್‌ನಂಥ ಕಡೆ ರಾತ್ರಿ ಪಾತ್ರೆ ತೊಳೆದು ಮುಗಿಸಿದ ಹುಡುಗ ಎಲ್ಲಿ ಮಲಗಬೇಕು? ಊರಿನ ಹುಡುಗರು ಈಗ ನಮ್ಮ ಅಡುಗೆಮನೆಯಲ್ಲಿ ಕಡಿಮೆ; ಒಡಿಶಾದವರು, ಬಂಗಾಳದವರು, ನೇಪಾಳದವರು ಇದ್ದಾರೆ. ಅವರು ಹಬ್ಬಕ್ಕೆ, ಮತದಾನಕ್ಕೆ ಊರಿಗೆ ಹೋದರೆ ಪೇಟೆಯ ಹೋಟೆಲು ವಾರ ಮುಚ್ಚಬಹುದು. ಎಂಬತ್ತು ವರ್ಷದವರ ಅಡುಗೆಮನೆ ಒಂದು ಹೊತ್ತೂ ಮುಚ್ಚುವಂತಿಲ್ಲ. ಇದಕ್ಕೆ ಬದಲಿ ಜನ ಒದಗಿಸಲು ಆಗದವರು ಈ ಕೆಲಸಕ್ಕೆ ಹೋಗದಿರುವುದೇ ಲೇಸು.

ಅಡುಗೆಯಲ್ಲೂ ಪೇಟೆಯ ಕೈ ನಡೆಯದು. ಸೋಡಾ ಹಾಕಿ ಉಬ್ಬಿಸಿದ ಇಡ್ಲಿ, ಎಣ್ಣೆ ತೇಲುವ ಗ್ರೇವಿ ಅಲ್ಲಿ ವಾರದಲ್ಲೇ ತಕರಾರು ತರುತ್ತದೆ. ಉಪ್ಪು ಕಡಿಮೆ, ಪಲ್ಯ ಮೆತ್ತಗೆ, ರಾತ್ರಿಯ ಊಟ ಏಳೂವರೆಗೆ. ಸಕ್ಕರೆ ಇಲ್ಲದ ಕಾಫಿ ಎಂದರೆ ಸಕ್ಕರೆ ಇಲ್ಲದ್ದೇ. ಏಕಾದಶಿಯವರಿಗೆ ಒಂದು, ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಒಂದು. ಇರುವವರೆಲ್ಲ ಕನ್ನಡಿಗರೂ ಅಲ್ಲ; ಗುಜರಾತಿಗಳಿಗೆ ಖಿಚಡಿ, ಮರಾಠಿಗರಿಗೆ ವರಣ್-ಭಾತ್ ಬೇಕು. ಅರ್ಧ ಪ್ಲೇಟಿನ ದರ ಫಲಕದ ಮೇಲೆ ಬರೆದಿರಲಿ, ಕೇಳಿಸಿಕೊಂಡು ಕೊಡುವಂತಾಗಬಾರದು. ಜ್ವರ ಬಂದವರ ಕೋಣೆಗೆ ಗಂಜಿ ತಲುಪಿಸುವುದಕ್ಕೆ ಪ್ರತ್ಯೇಕ ಶುಲ್ಕ ಹಾಕುವುದನ್ನು ನಾವಂತೂ ಒಪ್ಪುವುದಿಲ್ಲ. ಅದನ್ನು ತಿಂಗಳ ದರದಲ್ಲೇ ಸೇರಿಸಿ ಮಾತಾಡಿ.

ಮನೆ ಕೊಳ್ಳಲು ಹೊರಟಿರುವ ಹಿರಿಯರು ನಿಮ್ಮ ಹೋಟೆಲಿಗೆ ಬಂದು ವಿಚಾರಿಸಿದರೆ ಅವರಿಗೂ ಒಂದು ಮಾತು ಹೇಳಿ: ಒಪ್ಪಂದದಲ್ಲಿ ಕ್ಲಬ್‌ಹೌಸಿನ ದಿನಾಂಕ ಇದ್ದಂತೆ ಅಡುಗೆಮನೆಯ ದಿನಾಂಕವನ್ನೂ ಬರೆಯಿಸಿಕೊಳ್ಳಲಿ, ಕೀಲಿಕೈ ಪಡೆಯುವ ದಿನವೇ ಒಲೆ ಉರಿಯುತ್ತಿರಬೇಕೆಂದು ಕೇಳಲಿ. ನಮ್ಮ ಸದಸ್ಯರಲ್ಲಿ ಯಾರಿಗೆ ಇಂಥ ಬಡಾವಣೆಯಿಂದ ಕರೆ ಬಂದಿದೆಯೋ ಅವರು ಒಪ್ಪಂದದ ಕರಡನ್ನು ಸಹಿಗೆ ಮೊದಲು ಸಂಘದ ಕಚೇರಿಗೆ ತರಬೇಕು. ಬಾಡಿಗೆ, ತಲೆಲೆಕ್ಕ, ಜಿಎಸ್‌ಟಿ, ಬಿಡುಗಡೆಯ ಷರತ್ತು ಇವಿಷ್ಟನ್ನು ಓದಿ ಹೇಳಲು ನಾವು ಸಿದ್ಧ. ಸಹಿ ಹಾಕಿ ಡಿಪಾಸಿಟ್ ಕೊಟ್ಟ ಮೇಲೆ ತಂದರೆ ನಮ್ಮಿಂದ ಸಿಗುವುದು ಒಂದು ಕಾಫಿ ಮಾತ್ರ.