ಬೀಳುವಾಗ ಮುಂದೆ ಬರುವುದು ಕೈ



ನಮ್ಮ ಹೊಸೂರಿಗೂ ಎರಡು ಗಾಲಿಯ ಗಾಡಿಗೂ ಹಳೆಯ ನಂಟು. 1980ರಲ್ಲಿ ಇಲ್ಲಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂದಾಗ ಅದು ಸಂಸಾರದ ಗಾಡಿಯಾಗಿತ್ತು. ಹಿಂದೆ ಹೆಂಡತಿ, ನಡುವೆ ಮಗು, ಹ್ಯಾಂಡಲಿಗೆ ತರಕಾರಿ ಚೀಲ; ಅವಸರವೆಂಬುದೇ ಇರಲಿಲ್ಲ. ಅದೇ ಕಂಪನಿ 2017ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಅಪಾಚೆ ಆರ್‌ಆರ್ 310 ಬೇರೆಯೇ ಕುಲದ್ದು. ಸವಾರ ಟ್ಯಾಂಕಿನ ಮೇಲೆ ಬಾಗಿ, ಮೈಭಾರದ ಒಂದು ಪಾಲನ್ನು ಅಂಗೈಗಳ ಮೇಲೆ ಹೊತ್ತು ಓಡಿಸುವ ಸ್ಪೋರ್ಟ್ಸ್ ಬೈಕು ಅದು. ಈಗ ಹಲವು ಕಂಪನಿಗಳ ಇಂಥ ಬೈಕುಗಳು ನಮ್ಮ ಬೀದಿಗಳಲ್ಲಿ ಓಡಾಡುತ್ತಿವೆ.

"ನನಗೆ ಇಂಥದ್ದೇ ಬೇಕು" ಎಂದು ಮಗ ಪಟ್ಟು ಹಿಡಿದು, ತಾಯಿ ಕಣ್ಣೀರು ಹಾಕಿ, ಕೊನೆಗೆ ತಂದೆ ಸಾಲದ ಪತ್ರಕ್ಕೆ ಸಹಿ ಮಾಡಿದ ಕಥೆ ಎಷ್ಟು ಮನೆಗಳದ್ದಿಲ್ಲ! ಕೊಡಿಸಬೇಕೋ ಬೇಡವೋ ಎಂಬ ತೀರ್ಮಾನ ಆಯಾ ಮನೆಗೆ ಬಿಟ್ಟದ್ದು. ಬೈಕು ಬಾಗಿಲಿಗೆ ಬಂದೇಬಿಟ್ಟಿದ್ದರೆ, ಅದರ ಜೊತೆಗೆ ಬರಲೇಬೇಕಾದ ಒಂದು ವಸ್ತುವಿನ ಬಗ್ಗೆ ಈ ತಿಂಗಳು ಮಾತನಾಡೋಣ. ಅದು ಚರ್ಮದ ಕೈಗವಸು, ಹುಡುಗರ ಮಾತಿನಲ್ಲಿ ಹೇಳುವುದಾದರೆ ಗ್ಲೌಸ್.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಶೇಕಡಾ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ತಲೆಗೆ ಹೆಲ್ಮೆಟ್ ಇರಬೇಕೆಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೇಳುತ್ತದೆ. ಕೈಯ ಬಗ್ಗೆ ಕಾನೂನು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಆ ಕಾಳಜಿ ಮನೆಯವರದ್ದೇ.

ಕೈಗೆ ಆಗುವುದೇನು?

ಜಾರಿ ಬೀಳುವ ಮನುಷ್ಯ ಯೋಚಿಸಿ ಕೈ ಊರುವುದಿಲ್ಲ. ಕೈ ತಾನಾಗಿಯೇ ಮುಂದೆ ಬರುತ್ತದೆ. ಅಂಗಳದಲ್ಲಿ ಎಡವಿದ ಮಗುವಿನ ಅಂಗೈಯನ್ನು ನೋಡಿದ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೈಕಿನ ವೇಗದಲ್ಲಿ ಇದೇ ನಡೆದಾಗ ಎರಡು ಬಗೆಯ ಪೆಟ್ಟಾಗುತ್ತದೆ. ಒಂದು, ರಸ್ತೆಯ ಜಲ್ಲಿ ಅಂಗೈಯ ತೊಗಲನ್ನು ಕ್ಷಣಮಾತ್ರದಲ್ಲಿ ಸುಲಿದುಹಾಕುತ್ತದೆ. ಇನ್ನೊಂದು, ಅಂಗೈ ರಸ್ತೆಗೆ ಕಚ್ಚಿಕೊಂಡು ನಿಂತು ಮೈ ಮುಂದಕ್ಕೆ ಹೋದಾಗ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ.

ಆಗ ಮುರಿಯುವುದು ಹೆಚ್ಚಾಗಿ ಹೆಬ್ಬೆರಳ ಬುಡದಲ್ಲಿರುವ ಸ್ಕೇಫಾಯ್ಡ್ ಎಂಬ ಮೂಳೆ. ಗಾತ್ರ, ಆಕಾರ ಎರಡರಲ್ಲೂ ಗೋಡಂಬಿಯನ್ನು ಹೋಲುವ ಈ ಸಣ್ಣ ಮೂಳೆಗೆ ರಕ್ತ ಹೆಚ್ಚಾಗಿ ಒಂದೇ ತುದಿಯಿಂದ ಬರುತ್ತದೆ. ನಡುವೆ ಮುರಿದರೆ ಇನ್ನೊಂದು ತುದಿಗೆ ರಕ್ತ ಸಾಲದೆ ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಮುರಿತ ಕಾಣದೆಯೂ ಹೋಗಬಹುದು. ಆದ್ದರಿಂದ ಬಿದ್ದ ಮೇಲೆ ಹೆಬ್ಬೆರಳ ಬುಡದ ಕುಳಿಯಲ್ಲಿ ನೋವು ಉಳಿದರೆ, "ಉಳುಕಿದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ" ಎಂದು ಸುಮ್ಮನಿರಬೇಡಿರಿ. ವೈದ್ಯರಿಗೆ ತೋರಿಸಿರಿ, ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ಎಕ್ಸ್‌ರೇ ತೆಗೆಸಲು ಹೇಳಿದರೆ ತಪ್ಪಿಸಬೇಡಿರಿ.

ಚರ್ಮವೇ ಏಕೆ?

ಉಜ್ಜಾಟವನ್ನು ತಾಳುವುದರಲ್ಲಿ ಒಳ್ಳೆಯ ಚರ್ಮ ಮುಂದು. ನೈಲಾನ್ ಬಟ್ಟೆ ಉಜ್ಜಾಟದ ಬಿಸಿಗೆ ಕರಗಿ ಮೈಗೆ ಅಂಟಿಕೊಳ್ಳಬಹುದು. ಚರ್ಮಕ್ಕೆ ಆ ಭಯವಿಲ್ಲ. ಹೊಸೂರಿನಿಂದ ಕೃಷ್ಣಗಿರಿ ದಾಟಿ ಚೆನ್ನೈ ದಾರಿ ಹಿಡಿದವರು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳನ್ನು ಬಲ್ಲರು. ಅವೆಲ್ಲ ತೊಗಲು ಹದ ಮಾಡುವ ಊರುಗಳು. ತೊಗಲಿನ ಮೇಲ್ಪದರವೇ ಗಟ್ಟಿ, ಸೀಳಿ ತೆಗೆದ ಕೆಳಪದರ ಅಷ್ಟು ಬಾಳುವುದಿಲ್ಲ ಎಂಬುದು ಅಲ್ಲಿನ ಕೆಲಸಗಾರರಿಗೆಲ್ಲ ಗೊತ್ತಿರುವ ಮಾತು.

ದನದ ಚರ್ಮ ದಪ್ಪ, ಬಾಳಿಕೆ ಹೆಚ್ಚು. ಮೇಕೆಯ ಚರ್ಮ ತೆಳುವಾದರೂ ಗಟ್ಟಿ. ಬ್ರೇಕು, ಕ್ಲಚ್ಚುಗಳ ಹಿಡಿತ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಕಾಂಗರೂ ಚರ್ಮ ಇನ್ನೂ ಹಗುರ, ಇನ್ನೂ ಗಟ್ಟಿ, ಬೆಲೆಯೂ ದುಬಾರಿ. ರೆಗ್ಜಿನನ್ನು ಚರ್ಮವೆಂದು ಮಾರುವವರೂ ಇದ್ದಾರೆ. ಕತ್ತರಿಸಿದ ಅಂಚನ್ನು ನೋಡಿರಿ. ಹಿಂದೆ ನೇಯ್ದ ಬಟ್ಟೆ ಕಂಡರೆ ಅದು ರೆಗ್ಜಿನ್. ಎಳೆ ಎಳೆಯಾಗಿ ನಾರು ಕಂಡರೆ ಚರ್ಮ.

ಅಂಗಡಿಯಲ್ಲಿ ನೋಡಬೇಕಾದವು

1. ಒಳಗಿನ ಚೀಟಿ. ಯುರೋಪಿನಲ್ಲಿ ಬೈಕ್ ಸವಾರರ ಕೈಗವಸಿಗೆ ಇಎನ್ 13594 ಎಂಬ ಮಾನದಂಡವಿದೆ. 2015ರ ಆವೃತ್ತಿಯಲ್ಲಿ ಎರಡು ಹಂತಗಳಿವೆ. ಒರಟು ಉಜ್ಜುಪಟ್ಟಿಗೆ ಒತ್ತಿ ಹಿಡಿದಾಗ ಅಂಗೈ ಭಾಗವು 1ನೇ ಹಂತದಲ್ಲಿ ಕನಿಷ್ಠ 4 ಸೆಕೆಂಡು, 2ನೇ ಹಂತದಲ್ಲಿ 8 ಸೆಕೆಂಡು ತೂತಾಗದೆ ಉಳಿಯಬೇಕು. 'ಕೆಪಿ' ಎಂಬ ಅಕ್ಷರಗಳಿದ್ದರೆ ಗೆಣ್ಣುಗಳ ಮೇಲಿನ ಕವಚವೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಸ್ಪೋರ್ಟ್ಸ್ ಬೈಕಿಗೆ 2ನೇ ಹಂತದ್ದು ಉತ್ತಮ. ಕೈಗೆಟುಕದಿದ್ದರೆ 1 ಕೆಪಿಯಾದರೂ ಇರಲಿ.

2. ಅಂಗೈಯ ಬುಡ. ಅಲ್ಲಿ ನುಣುಪಾದ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಹೊಲಿದಿರಬೇಕು. ಬಿದ್ದಾಗ ಅಂಗೈ ರಸ್ತೆಗೆ ಕಚ್ಚಿಕೊಳ್ಳದೆ ಜಾರುವಂತೆ ಮಾಡುವುದು ಅದರ ಕೆಲಸ. ಮೇಲೆ ಹೇಳಿದ ಗೋಡಂಬಿ ಮೂಳೆಗೆ ಅದೇ ಕಾವಲು. ಕೊಳ್ಳುವಾಗ ಎಲ್ಲರೂ ಗೆಣ್ಣುಗಳ ಮೇಲಿನ ಹೊಳೆಯುವ ಕವಚವನ್ನು ನೋಡುತ್ತಾರೆ. ನೀವು ಕೈಗವಸನ್ನು ಮಗುಚಿ ಅಂಗೈಯನ್ನು ನೋಡಿರಿ.

3. ಕಿರುಬೆರಳು. ಜಾರುವಾಗ ಸುಲಭವಾಗಿ ಸಿಕ್ಕಿ ತಿರುಚಿಕೊಳ್ಳುವುದು ಅದೇ. ಅದನ್ನು ಉಂಗುರ ಬೆರಳಿಗೆ ಸಣ್ಣ ಚರ್ಮದ ಪಟ್ಟಿಯಿಂದ ಜೋಡಿಸಿದ ಕೈಗವಸುಗಳಿವೆ. ಮೊದಲು ವಿಚಿತ್ರ ಎನ್ನಿಸಿದರೂ ಅದು ಉಪಯೋಗವಿದ್ದೇ ಇಟ್ಟದ್ದು.

4. ಮಣಿಕಟ್ಟಿನ ಪಟ್ಟಿ. ಬಿದ್ದಾಗ ಕಳಚಿ ಹೋಗುವ ಕೈಗವಸು ಎಷ್ಟೇ ದಪ್ಪವಿದ್ದರೂ ಇದ್ದೂ ಇಲ್ಲದಂತೆ. ಮಗ ಅದನ್ನು ತೊಟ್ಟು ಪಟ್ಟಿ ಬಿಗಿದ ಮೇಲೆ, ತಂದೆಯೋ ತಾಯಿಯೋ ಬೆರಳ ತುದಿ ಹಿಡಿದು ಜೋರಾಗಿ ಎಳೆಯಿರಿ. ಕೈಯಿಂದ ಜಾರಿದರೆ ಅಂಗಡಿಯಲ್ಲೇ ಬಿಟ್ಟುಬನ್ನಿರಿ. ಮಣಿಕಟ್ಟು ದಾಟಿ ಜಾಕೀಟಿನ ತೋಳಿನ ಮೇಲೆ ಬರುವ ಉದ್ದದ್ದೇ ಸ್ಪೋರ್ಟ್ಸ್ ಬೈಕಿಗೆ ಸರಿ.

5. ಅಳತೆ. ಹೆಬ್ಬೆರಳು ಬಿಟ್ಟು ಗೆಣ್ಣುಗಳ ಸುತ್ತ ಟೇಪು ಹಿಡಿದು ಅಳೆಯಿರಿ. ತೊಟ್ಟುಕೊಂಡು ಬೈಕಿನ ಹ್ಯಾಂಡಲ್ ಹಿಡಿದು ನೋಡುವುದು ಇನ್ನೂ ಒಳ್ಳೆಯದು. ಬೆರಳ ತುದಿಯಲ್ಲಿ ಖಾಲಿ ಜಾಗವಿದ್ದರೆ ಬ್ರೇಕಿನ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಚರ್ಮ ಬಳಸುತ್ತ ಸ್ವಲ್ಪ ಸಡಿಲವಾಗುವುದರಿಂದ ಹೊಸದು ತುಸು ಬಿಗಿಯಾಗಿದ್ದರೆ ಚಿಂತೆಯಿಲ್ಲ. ಆದರೆ ಬೆರಳು ಜೋಮು ಹಿಡಿಯಬಾರದು. ತಮ್ಮನಿಗೂ ಆಗಲಿ, ಅಣ್ಣನಿಗೂ ಆಗಲಿ ಎಂದು ದೊಡ್ಡದನ್ನು ತರುವ ಉಳಿತಾಯ ಇಲ್ಲಿ ಬೇಡ.

ಬಿಸಿಲಿಗೆ ಬೆವರುತ್ತದೆ ಎಂಬ ದೂರು ಬಂದೇ ಬರುತ್ತದೆ. ಬೆರಳುಗಳ ಮೇಲೆ ಸಣ್ಣ ತೂತುಗಳಿರುವ ಚರ್ಮ ಅದಕ್ಕೆ ಪರಿಹಾರ. ಅಂಗೈಯಲ್ಲಿ ಮಾತ್ರ ತೂತುಗಳಿರಬಾರದು. ಬೆರಳು ಕಾಣುವ ಅರ್ಧ ಕೈಗವಸು ಸ್ಪೋರ್ಟ್ಸ್ ಬೈಕಿಗೆ ಸಲ್ಲದು.

ಜೋಪಾನ

ಮಳೆಯಲ್ಲಿ ನೆನೆದ ಚರ್ಮವನ್ನು ಬಿಸಿಲಿಗೋ ಒಲೆಯ ಹತ್ತಿರವೋ ಇಡಬೇಡಿರಿ. ಒಣಗಿ ಸೆಟೆದು ಬಿರಿಯುತ್ತದೆ. ನೆರಳಲ್ಲಿ, ಗಾಳಿಗೆ ಹರವಿರಿ. ಬೆವರಿನ ಉಪ್ಪು ಚರ್ಮವನ್ನು ತಿನ್ನುವುದರಿಂದ ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮಕ್ಕೆಂದೇ ಸಿಗುವ ಕ್ರೀಮು ಹಚ್ಚಿರಿ. ತಿಂಗಳಿಗೊಮ್ಮೆ ಹೊಲಿಗೆ ನೋಡಿರಿ. ಒಮ್ಮೆ ಬಿದ್ದು ಉಜ್ಜಿದ ಕೈಗವಸು ತನ್ನ ಕೆಲಸ ಮುಗಿಸಿದೆ. ಅದನ್ನು ಹೊಲಿದು ಮತ್ತೆ ತೊಡಬೇಡಿರಿ.

ಯುವಕರಿಗೆ ಒಂದು ಮಾತು. ಕೈಗವಸು ವೇಗಕ್ಕೆ ಕೊಟ್ಟ ಪರವಾನಗಿಯಲ್ಲ. ಬಸ್ಸು, ಹಸು, ಶಾಲೆಯ ಮಕ್ಕಳು ಓಡಾಡುವ ರಸ್ತೆ ಪಂದ್ಯದ ಜಾಗವೂ ಅಲ್ಲ. ವೇಗವನ್ನು ಸವಿಯಲೇಬೇಕೆಂದರೆ ಅದಕ್ಕೆಂದೇ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ 1990ರಿಂದ ರೇಸ್ ಪಥವಿದೆ. ಅಂಥ ಕಡೆ ಇಳಿಯುವವರು ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟೇ ಇಳಿಯುತ್ತಾರೆ ಎಂಬುದನ್ನು ಗಮನಿಸಿರಿ.

ಹೆತ್ತವರೇ, ಬೈಕಿನ ಲೆಕ್ಕ ಹಾಕುವಾಗ ಮುಂಗಡ, ಕಂತು, ವಿಮೆಗಳ ಜೊತೆಗೆ ಹೆಲ್ಮೆಟ್ಟನ್ನೂ ಕೈಗವಸನ್ನೂ ಅದೇ ಕಾಗದದಲ್ಲಿ ಬರೆಯಿರಿ. ಆಮೇಲೆ ನೋಡೋಣವೆಂದರೆ ಅದು ಆಗುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದರು ನಮ್ಮ ಹಿರಿಯರು. ಕಾರ್ಖಾನೆಯಲ್ಲಿ ಲೇತು ತಿರುಗಿಸುವುದು, ಹೂವಿನ ತೋಟದಲ್ಲಿ ಗುಲಾಬಿ ಕೊಯ್ಯುವುದು, ಪರೀಕ್ಷೆ ಬರೆಯುವುದು, ಕಂಪ್ಯೂಟರಿನ ಮುಂದೆ ದುಡಿಯುವುದು ಎಲ್ಲವೂ ಅದೇ ಕೈ. ಬೈಕಿನ ಕಂತು ಕಟ್ಟುವುದೂ ಅದೇ ಕೈಯಲ್ಲವೇ?