ಚಿತ್ರ ಬೇರೆ ಇರಲಿ, ಅಕ್ಷರ ಬೇರೆ ಇರಲಿ



ಹೃದಯದ ಪಾಠಕ್ಕೆಂದು ತರಗತಿಯಲ್ಲಿ ವಿಡಿಯೋ ಹಾಕುತ್ತೇವೆ. ಚಿತ್ರವೇನೋ ಚೆನ್ನಾಗಿರುತ್ತದೆ. ಆದರೆ ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ ಎಲ್ಲದರ ಹೆಸರೂ ತಮಿಳಿನಲ್ಲಿ, ಅದೂ ಚಿತ್ರದೊಳಗೇ ಅಂಟಿಕೊಂಡು! ತಾಳವಾಡಿಯ ನಮ್ಮ ಮಕ್ಕಳು ತಮಿಳು ಕಲಿಯುತ್ತಾರೆ, ಕಲಿಯಲೂ ಬೇಕು. ಆದರೆ ಕನ್ನಡ ಮಾಧ್ಯಮದವರು ವಿಜ್ಞಾನದ ಪರೀಕ್ಷೆ ಬರೆಯುವುದು ಕನ್ನಡದಲ್ಲಿ ತಾನೇ?

ಕನ್ನಡಕ್ಕೆ ಬದಲಿಸುವುದು ಬಹಳ ಖರ್ಚಿನ ಕೆಲಸ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಚಿತ್ರಗಳನ್ನು ಪದರ ಪದರವಾಗಿ ಜೋಡಿಸುವ ಯಂತ್ರಾಂಶ ನಮ್ಮ ಜೇಬಿನ ಮೊಬೈಲಿನಲ್ಲೇ ಇದೆ. ಓ.ಎಚ್.ಪಿ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಪಾಠ ಮಾಡುತ್ತಿದ್ದರಲ್ಲ, ಹಾಗೆಯೇ. ಕೆಳಗೆ ವಿಡಿಯೋ, ಮೇಲೆ ಅಕ್ಷರ, ಅದರ ಮೇಲೆ ಗಡಿಯಾರ, ಬ್ಯಾಟರಿ ತೋರಿಸುವ ಪಟ್ಟಿ. ಪದರದ ಪ್ರತಿ ಚುಕ್ಕೆಗೂ ಬಣ್ಣದ ಜೊತೆ ‘ಆಲ್ಫಾ’ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 0ಯಿಂದ 255ರವರೆಗೆ. 0 ಇದ್ದರೆ ಕೆಳಗಿನದು ಪೂರ್ತಿ ಕಾಣುತ್ತದೆ, 255 ಇದ್ದರೆ ಮೇಲಿನದಷ್ಟೇ. 1977ರಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು ರೂಪಿಸಿದರು. ಪದರಗಳನ್ನು ಬೆರೆಸುವ ಲೆಕ್ಕವನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ವ್ಯವಸ್ಥಿತವಾಗಿ ಬರೆದಿಟ್ಟರು.

ಲೆಕ್ಕ ಸುಲಭ, ಮಾಡುವ ವೇಗವೇ ಕಷ್ಟ. 1920 × 1080ರ ಪರದೆಯಲ್ಲಿ 20,73,600 ಚುಕ್ಕೆ. ಸೆಕೆಂಡಿಗೆ 60 ಬಾರಿ ಎಂದರೆ 12 ಕೋಟಿ 44 ಲಕ್ಷ, ಅದೂ ಒಂದೇ ಪದರಕ್ಕೆ! (ನಮ್ಮ ಎಂಟನೇ ತರಗತಿಯವರಿಗೆ ಒಳ್ಳೆಯ ಗುಣಾಕಾರ.) ಇದನ್ನೆಲ್ಲ ಮುಖ್ಯ ಪ್ರೊಸೆಸರಿನ ತಲೆಗೆ ಕಟ್ಟಿದರೆ ಬ್ಯಾಟರಿ ಉಳಿಯುವುದಿಲ್ಲ. ಆದ್ದರಿಂದ ಡಿಸ್‌ಪ್ಲೇ ಕಂಟ್ರೋಲರ್ ಎಂಬ ಪ್ರತ್ಯೇಕ ಭಾಗವು ಚುಕ್ಕೆಗಳನ್ನು ಪರದೆಗೆ ಕಳಿಸುವ ಹೊತ್ತಿನಲ್ಲೇ ಪದರಗಳನ್ನು ಬೆರೆಸುತ್ತದೆ. ಅದರ ಮಿತಿ ಮೀರಿದರೆ ಗ್ರಾಫಿಕ್ಸ್ ಚಿಪ್ ನೆರವಿಗೆ ಬರುತ್ತದೆ. ಇದು ಹೊಸದೂ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ 1979ರ ಟಿಎಂಎಸ್ 9918 ಚಿಪ್ಪೇ ಹಿನ್ನೆಲೆಯನ್ನು ಮುಟ್ಟದೆ ಅದರ ಮೇಲೆ 32 ಚಿಕ್ಕ ಚಿತ್ರಗಳನ್ನು ಓಡಾಡಿಸುತ್ತಿತ್ತು.

ಇಷ್ಟಿದ್ದೂ ಹೆಸರುಗಳನ್ನು ಚಿತ್ರದಲ್ಲೇ ಅಚ್ಚೊತ್ತಿ ಕಳಿಸುವುದು ಅಸಡ್ಡೆಯಲ್ಲದೆ ಬೇರೇನು? ಒಮ್ಮೆ ಒಂದಾಗಿ ಹೋದ ಅಕ್ಷರವನ್ನು ಅಳಿಸಿದರೆ ಅದರ ಕೆಳಗಿನ ಚಿತ್ರವೂ ಹಾಳು. ಪ್ರತ್ಯೇಕ ಪದರವಾಗಿದ್ದರೆ ತಮಿಳು ತೆಗೆದು ಕನ್ನಡ ಇಡಬಹುದು, ವಿಡಿಯೋ ಇದ್ದಂತೆಯೇ ಇರುತ್ತದೆ. ಅಕ್ಷರದ ಕಡತಕ್ಕೆ ಕೆಲವು ಕಿಲೋಬೈಟ್ ಸಾಕು, ಬೆಟ್ಟದ ನೆಟ್‌ವರ್ಕಿನಲ್ಲೂ ಬಂದೀತು. ಪಾರಿಭಾಷಿಕ ಪದ ಅಷ್ಟಿಷ್ಟು ತಿದ್ದಿಕೊಂಡರೆ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅದೇ ನಡೆದೀತು.

ಪಾಠ ತಯಾರಿಸುವವರು ಅಕ್ಷರವಿಲ್ಲದ ಚಿತ್ರವನ್ನೂ ಹೆಸರುಗಳ ಪಟ್ಟಿಯನ್ನೂ ಬೇರೆ ಬೇರೆಯಾಗಿ ಕೊಡಲಿ. ಕನ್ನಡ ಪದಗಳನ್ನು ಬರೆದುಕೊಡಲು ನಾವು ಸಿದ್ಧ. ಹತ್ತನೇ ತರಗತಿಯ ವಿಜ್ಞಾನದಿಂದಲೇ ಶುರುವಾಗಲಿ.